ಎತ್ತರ ಬಿಡಿ, ಹಗ್ಗದ ತುದಿ ನೋಡಿ

ಚೀನಾದ ಆ ಸೇತುವೆಯ ವಿಡಿಯೋ ನಿಮಗೂ ಬಂದಿರುತ್ತದೆ. ಕೆಳಗೆ ಮೋಡ, ಮೇಲೆ ರಸ್ತೆ, ರಸ್ತೆ ಮೇಲೆ ಚಿಕ್ಕ ಚಿಕ್ಕದಾಗಿ ಕಾಣುವ ಲಾರಿಗಳು, ಹಿಂದೆ ಯಾವುದೋ ಸಿನಿಮಾದ ಮ್ಯೂಸಿಕ್ಕು. ಊರಿನ ಗ್ರೂಪು, ಸಂಬಂಧಿಕರ ಗ್ರೂಪು, ವ್ಯಾಪಾರದ ಗ್ರೂಪು, ಎಲ್ಲದರಲ್ಲೂ ಅದೇ. ಹೆಸರು ಹುವಾಜಿಯಾಂಗ್ ಗ್ರ್ಯಾಂಡ್ ಕ್ಯಾನ್ಯನ್ ಸೇತುವೆ, ಜಾತಿ ತೂಗುಸೇತುವೆ. ಇರೋದು ಗುಯಿಝೌ ಪ್ರಾಂತ್ಯದಲ್ಲಿ, ಬೈಪಾನ್ ನದಿಯ ಕಮರಿ ಮೇಲೆ. 2022ರಲ್ಲಿ ಕೆಲಸ ಶುರು ಮಾಡಿ 2025ರ ಸೆಪ್ಟೆಂಬರ್ 28ಕ್ಕೆ ಗಾಡಿ ಬಿಟ್ಟರು. ನದಿಯ ನೀರಿನಿಂದ ರಸ್ತೆಗೆ 625 ಮೀಟರ್. ನಮ್ಮ ತುಂಗಭದ್ರಾ ಅಣೆಕಟ್ಟಿನ ಎತ್ತರ ಸುಮಾರು 49 ಮೀಟರ್. ಅಂಥ ಹನ್ನೆರಡು ಅಣೆಕಟ್ಟು ಒಂದರ ಮೇಲೊಂದು ಇಟ್ಟರೂ ಆ ರಸ್ತೆ ಕೈಗೆ ಸಿಗುವುದಿಲ್ಲ.

ಎಲ್ಲರೂ ಬಾಯಿ ಬಿಡುವುದು ಈ 625ಕ್ಕೇ. ನನ್ನ ತಕರಾರು ಅಲ್ಲೇ ಇರೋದು.

ನನ್ನದು ವೈರ್ ರೋಪ್, ಅಂದರೆ ಉಕ್ಕಿನ ತಂತಿಯ ಹಗ್ಗದ ವ್ಯಾಪಾರ. ಬಳ್ಳಾರಿಯಲ್ಲಿ ಅಂಗಡಿ. ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿಗಳು, ಕೊಪ್ಪಳದ ಸುತ್ತಲಿನ ಕಬ್ಬಿಣದ ಫ್ಯಾಕ್ಟರಿಗಳು, ಸಂಡೂರು ಕಡೆಯ ಕ್ರೇನುಗಳು, ಇವೇ ನನ್ನ ಗಿರಾಕಿಗಳು. ಹಗ್ಗ ಮಾರುವುದಷ್ಟೇ ಅಲ್ಲ, ಹೋಗಿ ಹಾಕಿಕೊಟ್ಟು, ಆಮೇಲೆ ಸವೆದಿದೆಯಾ ಅಂತ ನೋಡಿಕೊಂಡು ಬರುವುದೂ ಇದೆ. ಹಾಗಾಗಿ ತೂಗುಸೇತುವೆ ಅಂದರೆ ನನ್ನ ಕಣ್ಣು ಮೊದಲು ಹಗ್ಗಕ್ಕೆ ಹೋಗುತ್ತದೆ. ಕೆಳಗಿರುವ ಕಮರಿಗೆ ಅಲ್ಲ.

ಕುಷ್ಟಗಿ ಹತ್ತಿರದ ಕ್ವಾರಿಯೊಂದರಲ್ಲಿ ಕ್ರೇನ್ ಆಪರೇಟರ್ ಒಬ್ಬರು ಇದೇ ವಿಡಿಯೋ ತೋರಿಸಿ ಕೇಳಿದರು: "ಅಣ್ಣಾ, ಅಷ್ಟ್ ಮ್ಯಾಲ ಹೆಂಗ್ ಕಟ್ಟ್ಯಾರ್ರೀ? ಕೆಳಗಿಂದ ಯಾವ ಕ್ರೇನೂ ಮುಟ್ಟಂಗಿಲ್ಲಲ್ಲ."

"ಕೆಳಗಿಂದ ಯಾರು ಕಟ್ಟ್ಯಾರ? ಎರಡೂ ದಂಡಿಯಿಂದ ಕಟ್ಟ್ಯಾರ" ಅಂದೆ.

"ಹಂಗಾದ್ರ ಎತ್ತರದ್ದೇನೂ ತ್ರಾಸಿಲ್ಲ ಅನ್ರಿ?"

ಇಲ್ಲ ಅಂತ ಹೇಳುವುದು ಸ್ವಲ್ಪ ಜಾಸ್ತಿಯೇ ಆಗುತ್ತದೆ. ಮೇಲೆ ನಿಂತು ಕೆಲಸ ಮಾಡುವವನ ಎದೆ ಕೇಳಬೇಕು. ಆದರೆ ಸೇತುವೆಯ ಲೆಕ್ಕದಲ್ಲಿ ಕಮರಿ 600 ಮೀಟರ್ ಆಳ ಇದ್ದರೂ ಅಷ್ಟೇ, 200 ಇದ್ದರೂ ಅಷ್ಟೇ. ತೂಗುಸೇತುವೆ ತಳ ಮುಟ್ಟುವುದೇ ಇಲ್ಲವಲ್ಲ. ಆ ಆಳ ಮಾಡುವುದು ಒಂದೇ ಕೆಲಸ: ನಡುವೆ ಕಂಬ ನಿಲ್ಲಿಸುವ ಆಸೆ ಬಿಡಿಸುತ್ತದೆ. ರಾಯಚೂರಿನಿಂದ ಹೈದರಾಬಾದ್ ದಾರಿಯಲ್ಲಿ ಶಕ್ತಿನಗರದ ಹತ್ತಿರ ಕೃಷ್ಣಾ ನದಿ ದಾಟುವಾಗ ನಿಜಾಮರ ಕಾಲದ ಹಳೇ ಸೇತುವೆ ಇದೆ. ಸಾಲಾಗಿ ಕಂಬ, ಕಂಬದಿಂದ ಕಂಬಕ್ಕೆ ಹಾರಿಕೊಂಡು ಹೋದ ಹಾಗೆ ರಸ್ತೆ. ನದಿ ಅಗಲ ಇದೆ, ಆಳ ಇಲ್ಲ, ತಳದಲ್ಲಿ ಬಂಡೆ ಇದೆ. ಅಲ್ಲಿ ಕಂಬವೇ ಸರಿ. ಹುವಾಜಿಯಾಂಗ್‌ನಲ್ಲಿ ಅರ್ಧ ಕಿಲೋಮೀಟರಿಗೂ ಎತ್ತರದ ಕಂಬ ಯಾರು ನಿಲ್ಲಿಸುತ್ತಾರೆ? ಹಾಗಾಗಿ ಒಂದೇ ನೆಗೆತ. ಎರಡು ಟವರುಗಳ ನಡುವೆ 1420 ಮೀಟರ್, ಮಧ್ಯೆ ಏನೂ ಇಲ್ಲ. ಸೇತುವೆಯ ಪೂರ್ತಿ ಉದ್ದ 2890 ಮೀಟರ್. ನನ್ನ ಕೇಳಿದರೆ ಹೆಡ್‌ಲೈನ್ ಆಗಬೇಕಾಗಿದ್ದ ಸಂಖ್ಯೆ ಆ 1420.

ಅದೇ ಬೈಪಾನ್ ನದಿ ಮೇಲೆ 2016ರಲ್ಲೇ ಡುಗೆ ಅನ್ನುವ ಇನ್ನೊಂದು ಸೇತುವೆ ಆಗಿತ್ತು, 565 ಮೀಟರ್ ಎತ್ತರ. ಹುವಾಜಿಯಾಂಗ್ ಬರುವ ತನಕ ಜಗತ್ತಿನ ಅತಿ ಎತ್ತರದ್ದು ಅದೇ. ಆದರೆ ಅದು ಬೇರೆ ಜಾತಿ. ಅದರಲ್ಲಿ ಹಗ್ಗಗಳು ಟವರಿನಿಂದ ಓರೆಯಾಗಿ ನೇರ ರಸ್ತೆಗೇ ಬಂದು ಸೇರುತ್ತವೆ. ತೂಗುಸೇತುವೆಯಲ್ಲಿ ಹಾಗಲ್ಲ. ಒಂದು ದಂಡೆಯ ಬೆಟ್ಟದಿಂದ ಹೊರಟ ದೊಡ್ಡ ಕೇಬಲ್ ಟವರಿನ ನೆತ್ತಿ ಹತ್ತಿ, ಕಮರಿಯ ನಡುವೆ ಜೋತುಬಿದ್ದು, ಆಚೆ ಟವರ್ ಹತ್ತಿ, ಆಚೆ ಬೆಟ್ಟದೊಳಗೆ ಹೋಗಿ ಕೂರುತ್ತದೆ. ಆ ದೊಡ್ಡ ಕೇಬಲಿನಿಂದ ಸಣ್ಣ ಹಗ್ಗಗಳನ್ನು ಇಳಿಬಿಟ್ಟು ಅದಕ್ಕೆ ರಸ್ತೆ ತೂಗುಹಾಕುತ್ತಾರೆ. ನಮ್ಮಲ್ಲಿ ಸುಮಾರು ಜನ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ಇನ್ನು ಕೆಲವರು ಕಾಶ್ಮೀರದ ಚೆನಾಬ್ ರೈಲು ಸೇತುವೆಯ ಫೋಟೋ ಹಾಕಿ "ನಮ್ಮಲ್ಲೂ ಇದೆ ತೂಗುಸೇತುವೆ" ಅಂತ ಬರೆಯುತ್ತಾರೆ. ಅದು ಉಕ್ಕಿನ ಕಮಾನು ಮಾರಾಯ್ರೇ. 359 ಮೀಟರ್ ಎತ್ತರ ಇದೆ, ಹೆಮ್ಮೆ ಪಡೋಣ, ಆದರೆ ಹಗ್ಗದ ಮೇಲೆ ನಿಂತಿಲ್ಲ.

ಈಗ ಹಗ್ಗಕ್ಕೆ ಬರೋಣ. ನನ್ನ ಅಂಗಡಿಯಲ್ಲಿ ಜಾಸ್ತಿ ಹೋಗುವುದು ಸಿಕ್ಸ್ ಬೈ ಥರ್ಟಿಸಿಕ್ಸ್. ಅಂದರೆ ಆರು ಎಳೆ, ಒಂದೊಂದು ಎಳೆಯಲ್ಲಿ 36 ತಂತಿ, ನಡುವೆ ಕೋರ್, ಎಲ್ಲ ಸೇರಿಸಿ ಹೊಸೆದದ್ದು. ಹೊಸೆಯುವುದು ಯಾಕೆ? ಕ್ರೇನಿನ ಡ್ರಮ್ಮಿಗೆ ಸುತ್ತಬೇಕು, ರಾಟೆ ಮೇಲೆ ದಿನಕ್ಕೆ ನೂರಾರು ಸಲ ಬಾಗಬೇಕು. ಹೊಸೆದಿದ್ದರೆ ಬಾಗುತ್ತದೆ. ಆದರೆ ಹೊಸೆದ ಹಗ್ಗಕ್ಕೆ ಒಂದು ಬುದ್ಧಿ ಇದೆ, ಭಾರ ಬಿದ್ದಾಗ ಹುರಿ ಬಿಗಿಯಾಗಿ ಉದ್ದ ಆಗುತ್ತದೆ. ಕ್ವಾರಿಯಲ್ಲಿ ಅದು ನಡೆಯುತ್ತದೆ. ಸೇತುವೆಯ ಮುಖ್ಯ ಕೇಬಲಿಗೆ ನಡೆಯಲ್ಲ. ಅದು ಸುತ್ತಬೇಕಾಗಿಯೂ ಇಲ್ಲ, ಬಾಗಬೇಕಾಗಿಯೂ ಇಲ್ಲ, ಒಂದು ಸಲ ಕೂತರೆ ನೂರು ವರ್ಷ ಅಲ್ಲೇ ಇರಬೇಕು. ಅದಕ್ಕೆ ಅಲ್ಲಿ ತಂತಿಗಳನ್ನು ಹೊಸೆಯುವುದೇ ಇಲ್ಲ. ಸುಮ್ನೆ ಒಂದರ ಪಕ್ಕ ಒಂದು, ನೆಟ್ಟಗೆ, ಸಾವಿರಾರು ತಂತಿ ಜೋಡಿಸಿ, ಗುಂಡಗೆ ಒತ್ತಿ, ಮೇಲೆ ಇನ್ನೊಂದು ತಂತಿ ಸುತ್ತಿ ಮುಚ್ಚಿಬಿಡುತ್ತಾರೆ.

ಇದನ್ನು ಹೇಳಿದರೆ ಕ್ವಾರಿಯವರು ನಂಬುವುದಿಲ್ಲ. ಹೊಸೆಯದೇ ಇದ್ದರೆ ಅದು ಹಗ್ಗ ಹೇಗಾಯಿತು ಅಂತ. ಒಂದೇ ಒಂದು ತಂತಿಯ ಲೆಕ್ಕ ಹೇಳುತ್ತೇನೆ. 5 ಮಿಲಿಮೀಟರ್ ದಪ್ಪದ ತಂತಿ, ಸೇತುವೆಗೆ ಹಾಕುವ ಗಟ್ಟಿ ಉಕ್ಕಿನದು, ಅದೊಂದೇ ಸುಮಾರು ಮೂರೂವರೆ ಟನ್ ಎಳೆತ ತಡೆಯುತ್ತದೆ. ಪೆನ್ಸಿಲ್‌ಗಿಂತ ತೆಳ್ಳಗಿನ ತಂತಿ, ಅದಕ್ಕೆ ಲೋಡ್ ತುಂಬಿದ ಪಿಕಪ್ ಗಾಡಿ ತೂಗುಹಾಕಬಹುದು. ಅಮೆರಿಕದ ಗೋಲ್ಡನ್ ಗೇಟ್ ಸೇತುವೆ, 1937ರದ್ದು, ಅದರ ಒಂದೊಂದು ಕೇಬಲಿನಲ್ಲಿ 27,572 ತಂತಿ ಇವೆ. ಕೇಬಲಿನ ದಪ್ಪ ಸುಮಾರು 92 ಸೆಂಟಿಮೀಟರ್. ಎರಡೂ ಕೇಬಲಿನ ತಂತಿ ಬಿಡಿಸಿ ಉದ್ದಕ್ಕೆ ಹಾಕಿದರೆ 1,29,000 ಕಿಲೋಮೀಟರ್, ಭೂಮಿಗೆ ಮೂರು ಸುತ್ತು ಬಂದು ಇನ್ನೂ ಮಿಗುತ್ತದೆ. ಆಗೆಲ್ಲ ಗಾಲಿ ಮೇಲೆ ತಂತಿ ಆಚೆ ಒಯ್ದು, ಈಚೆ ತಂದು, ಮತ್ತೆ ಆಚೆ ಒಯ್ದು ಕೇಬಲ್ ಕಟ್ಟುತ್ತಿದ್ದರು. ಈಗ ಚೀನಾದವರು ಫ್ಯಾಕ್ಟರಿಯಲ್ಲೇ 91 ಅಥವಾ 127 ತಂತಿಯ ಕಟ್ಟು ಮಾಡಿಕೊಂಡು ಬಂದು ಕಟ್ಟು ಕಟ್ಟಾಗಿಯೇ ಎಳೆಯುತ್ತಾರೆ. ಕೆಲಸ ಬೇಗ ಆಗುತ್ತದೆ.

ಇನ್ನೊಂದು ಮಜಾ ಇದೆ. ಈ ತಂತಿಗಳ ಉದ್ದ ಸರಿಮಾಡುವುದು ರಾತ್ರಿ ಹೊತ್ತು. ಹಗಲು ಬಿಸಿಲು ಬಿದ್ದ ಕಡೆಯ ತಂತಿ ಉದ್ದ ಆಗುತ್ತದೆ, ನೆರಳಿನ ಕಡೆಯದು ಆಗುವುದಿಲ್ಲ, ಯಾವುದನ್ನು ಯಾವುದಕ್ಕೆ ಹೊಂದಿಸುತ್ತೀರಿ? 1420 ಮೀಟರ್ ಉದ್ದದ ಉಕ್ಕು 30 ಡಿಗ್ರಿ ಬಿಸಿಯಾದರೆ ಅರ್ಧ ಮೀಟರ್ ಉದ್ದ ಆಗುತ್ತದೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಕಬ್ಬಿಣ ಮುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರಿ, ಆದರೆ ಆ ಮೊದಲ ಹಗ್ಗ ಆಚೆ ದಂಡೆಗೆ ಹೋಗುವುದು ಹೇಗೆ? ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು. ನದಿ ಆದರೆ ದೋಣಿಯಲ್ಲಿ ಒಯ್ಯಬಹುದು. ನಮ್ಮ ಆನೆಗೊಂದಿ ಹತ್ತಿರ ಆದರೆ ಹರಿಗೋಲು ಸಾಕು. ಕಮರಿಯಲ್ಲಿ ಕೆಳಗೆ ಇಳಿದು, ಕಾಡು ಕಲ್ಲು ದಾಟಿ, ಆಚೆ ಗೋಡೆಯಂಥ ಬಂಡೆ ಹತ್ತಿ, ಅದೂ ಹಗ್ಗ ಎಲ್ಲೂ ಸಿಕ್ಕಿಕೊಳ್ಳದ ಹಾಗೆ, ಆಗದ ಮಾತು.

1848ರಲ್ಲಿ ಅಮೆರಿಕ ಮತ್ತು ಕೆನಡಾ ನಡುವೆ ನಯಾಗರಾ ಕಮರಿಗೆ ಸೇತುವೆ ಹಾಕಲು ಚಾರ್ಲ್ಸ್ ಎಲೆಟ್ ಅನ್ನುವ ಎಂಜಿನಿಯರ್ ಹೊರಟಾಗ ಇದೇ ತಲೆನೋವು ಬಂತು. ಕೊನೆಗೆ ಗಾಳಿಪಟದ ಪಂದ್ಯ ಇಟ್ಟರು. ಯಾರ ಪಟದ ದಾರ ಆಚೆ ದಡ ಮುಟ್ಟುತ್ತದೋ ಅವರಿಗೆ ಬಹುಮಾನ. ಹೋಮನ್ ವಾಲ್ಶ್ ಅನ್ನುವ ಹುಡುಗ ಗೆದ್ದ, ಅದೂ ಮೊದಲ ಸಲ ದಾರ ಕಡಿದುಹೋಗಿ ಮತ್ತೆ ಹಾರಿಸಿ. ಆ ದಾರಕ್ಕೆ ಸ್ವಲ್ಪ ದಪ್ಪ ದಾರ ಕಟ್ಟಿ ಎಳೆದರು, ಅದಕ್ಕೆ ಹಗ್ಗ, ಹಗ್ಗಕ್ಕೆ ಇನ್ನೂ ದಪ್ಪ ಹಗ್ಗ, ಕೊನೆಗೆ ತಂತಿ. ಇವತ್ತಿಗೂ ಉಪಾಯ ಅದೇ. ಬದಲಾಗಿದ್ದು ಪಟ ಮಾತ್ರ. ಹುಬೈ ಪ್ರಾಂತ್ಯದ ಸಿದು ನದಿಯ ಸೇತುವೆಗೆ, 2009ರಲ್ಲಿ ಮುಗಿದದ್ದು, ಸುಮಾರು 500 ಮೀಟರ್ ಎತ್ತರ, ರಾಕೆಟ್‌ಗೆ ದಾರ ಕಟ್ಟಿ ಆಚೆ ಬೆಟ್ಟಕ್ಕೆ ಹಾರಿಸಿದರು. ಈಗ ಡ್ರೋನ್ ಬಂದಿವೆ, ರಾಕೆಟ್ಟಿನ ಗದ್ದಲ ಬೇಡ.

ಒಂದು ದಾರ ದಾಟಿದರೆ ಸಾಕು, ಅರ್ಧ ಸೇತುವೆ ಆದಂತೆ. ಉಳಿದರ್ಧ ಆ ಹಗ್ಗದ ತುದಿ ಎಲ್ಲಿ ಕಟ್ಟಿದ್ದೀರಿ ಅನ್ನುವುದರಲ್ಲಿದೆ.

ಕ್ರೇನಿನವರಿಗೆ ಇದು ಗೊತ್ತು, ಬೇರೆಯವರಿಗೆ ಹೇಳುತ್ತೇನೆ. 10 ಟನ್ನಿನ ಕಲ್ಲಿನ ಬ್ಲಾಕ್ ಇದೆ, ಎರಡು ಕಾಲಿನ ಸ್ಲಿಂಗ್, ಅಂದರೆ ಕೊಕ್ಕೆಯಿಂದ ಎರಡು ಕಡೆ ಇಳಿಯುವ ಹಗ್ಗ, ಹಾಕಿ ಎತ್ತುತ್ತೀರಿ. ಎರಡೂ ಕಾಲು ನೆಟ್ಟಗಿದ್ದರೆ ತಲಾ 5 ಟನ್. ಸ್ಲಿಂಗ್ ಗಿಡ್ಡ ಆಗಿ ಕಾಲುಗಳು ನೆಲದ ಮಟ್ಟಕ್ಕೆ 30 ಡಿಗ್ರಿಯಷ್ಟು ಮಲಗಿದರೆ ತಲಾ 10 ಟನ್. ಕಲ್ಲು ಅದೇ, ತೂಕ ಅದೇ, ಎಳೆತ ಎರಡು ಪಟ್ಟು. ಇನ್ನೂ ಮಲಗಿಸಿದರೆ ಇನ್ನೂ ಜಾಸ್ತಿ. ಹಗ್ಗ ಎಷ್ಟು ಬಿಗಿಯಾಗಿ ಮಟ್ಟಸವಾಗಿ ಕಾಣುತ್ತದೋ ಅಷ್ಟು ಅದು ಸಾಯುತ್ತಿದೆ ಅಂತ ಅರ್ಥ. ಅದಕ್ಕೇ ತೂಗುಸೇತುವೆಯ ಕೇಬಲ್ ಅಷ್ಟು ಜೋತುಬಿದ್ದಿರುವುದು. ಚೆಂದಕ್ಕಲ್ಲ. ಉದ್ದದ ಹತ್ತರಲ್ಲಿ ಒಂದು ಭಾಗ ಇಳಿತ ಬಿಟ್ಟರೆ, ತೂಗುಹಾಕಿದ ಭಾರದ ಒಂದೂಕಾಲು ಪಟ್ಟು ಅಡ್ಡ ಎಳೆತ. ಇಪ್ಪತ್ತರಲ್ಲಿ ಒಂದು ಮಾಡಿದರೆ ಎರಡೂವರೆ ಪಟ್ಟು. ಜಾಸ್ತಿ ಇಳಿತ ಬಿಡಬೇಕಾದರೆ ಟವರ್ ಎತ್ತರ ಬೇಕು, ಹುವಾಜಿಯಾಂಗ್‌ನ ಟವರ್ 260 ಮೀಟರ್ ದಾಟಿದ್ದು ಅದಕ್ಕೇ. ಅಲ್ಲಿ ರಸ್ತೆ ಹೊರುವ ಉಕ್ಕಿನ ಚೌಕಟ್ಟೇ ಸುಮಾರು 22,000 ಟನ್. ಹತ್ತರಲ್ಲಿ ಒಂದರ ಲೆಕ್ಕ ಹಿಡಿದರೆ ಬರೀ ಆ ಉಕ್ಕಿಗೇ ಎರಡೂ ಕೇಬಲ್ ಸೇರಿ 27,000 ಟನ್ ಮೇಲೆ ಎಳೆಯುತ್ತಿರಬೇಕು. ಹಗಲೂ ರಾತ್ರಿ, ಒಂದು ಗಾಡಿ ಇಲ್ಲದಾಗಲೂ.

ಅಷ್ಟು ಎಳೆತಕ್ಕೆ ಗೂಟ ಬೇಕಲ್ಲ. ಎರಡು ದಾರಿ ಇದೆ. ಒಂದು, ಬೆಟ್ಟದಂಥ ಕಾಂಕ್ರೀಟಿನ ಗುಡ್ಡೆ ಹಾಕಿ ಅದರ ತೂಕಕ್ಕೇ ಕೇಬಲ್ ಕಟ್ಟುವುದು. ಇನ್ನೊಂದು, ಬಂಡೆ ಗಟ್ಟಿ ಇದ್ದ ಕಡೆ ಬೆಟ್ಟದೊಳಗೆ ಇಳಿಜಾರಾಗಿ ಸುರಂಗ ಕೊರೆದು, ಒಳಗೆ ಹೋದಷ್ಟೂ ಅಗಲ ಮಾಡಿ, ಅದರ ತುಂಬ ಕಾಂಕ್ರೀಟ್ ತುಂಬುವುದು. ಬಾಯಿ ಸಣ್ಣ, ಹೊಟ್ಟೆ ದೊಡ್ಡದು. ಎಳೆದಷ್ಟೂ ಬಿಗಿಯಾಗಿ ಕೂರುತ್ತದೆಯೇ ಹೊರತು ಹೊರಗೆ ಬರುವುದಿಲ್ಲ, ಬರಬೇಕಾದರೆ ಬೆಟ್ಟವನ್ನೇ ಕಿತ್ತುಕೊಂಡು ಬರಬೇಕು. ಚೆನ್ನಾಗಿದೆ ಅಲ್ವಾ? ಆದರೆ ಗುಯಿಝೌ ಪೂರ್ತಿ ಸುಣ್ಣಕಲ್ಲಿನ ನಾಡು. ಮಳೆ ನೀರು ಸುಣ್ಣಕಲ್ಲನ್ನು ಕರಗಿಸುತ್ತದೆ. ಆ ಕಮರಿಗಳು ಅಷ್ಟು ಆಳ ಆಗಿದ್ದಕ್ಕೂ ಅದೇ ಒಂದು ಕಾರಣ, ಬೆಟ್ಟದ ಒಳಗೆ ಕಾಣದ ಗುಹೆ ಪೊಟರೆ ಇರುವುದಕ್ಕೂ ಅದೇ ಕಾರಣ. ಯಾವ ಕಲ್ಲು ಕಮರಿ ಮಾಡಿಕೊಟ್ಟಿತೋ ಅದೇ ಕಲ್ಲಿಗೆ ಗೂಟ ಹೊಡೆಯಬೇಕು. ಬೆಟ್ಟ ಕೊರೆದು ನೋಡಿ, ತೂತು ಸಿಕ್ಕಲ್ಲಿ ಸಿಮೆಂಟ್ ತುಂಬಿ, ಮತ್ತೆ ಕೊರೆದು ನೋಡುವ ಕೆಲಸ. ವಿಡಿಯೋದಲ್ಲಿ ಅದು ಬರುವುದಿಲ್ಲ, ಅದು ನೆಲದೊಳಗೆ ನಡೆದದ್ದು.

ನಮ್ಮ ಕಡೆ ಕಥೆ ಉಲ್ಟಾ. ಕುಷ್ಟಗಿ, ಗಂಗಾವತಿ, ಹಂಪಿ, ಎಲ್ಲಿ ನೋಡಿದರೂ ಗ್ರಾನೈಟು, 250 ಕೋಟಿ ವರ್ಷದ ಕಲ್ಲು. ಜಗತ್ತಿನಲ್ಲಿ ಗೂಟ ಹೊಡೆಯಲು ಇದಕ್ಕಿಂತ ಒಳ್ಳೆ ಕಲ್ಲು ಸಿಗುವುದು ಕಷ್ಟ. ಆದರೆ ದಾಟಲು ಕಮರಿ ಇಲ್ಲ! ಲಿಂಗಸುಗೂರು ಕಡೆ ಜಲದುರ್ಗದ ಕೋಟೆ ಮೇಲೆ ನಿಂತರೆ ಕೃಷ್ಣೆ ಸ್ವಲ್ಪ ಭಯ ಹುಟ್ಟಿಸುತ್ತಾಳೆ, ಅಷ್ಟೇ. ನಿಜವಾದ ಕಮರಿ ನೋಡಬೇಕು ಅಂದರೆ ಬಳ್ಳಾರಿಯಿಂದ ಆಂಧ್ರದ ಗಂಡಿಕೋಟಕ್ಕೆ ಹೋಗಬೇಕು.

ತಂತಿಯ ವಿಷಯ ಬಂದಾಗ ನ್ಯೂಯಾರ್ಕಿನ ಬ್ರೂಕ್ಲಿನ್ ತೂಗುಸೇತುವೆಯ ಮೋಸ ಹೇಳದೆ ಇರಲಾರೆ. ಆ ಸೇತುವೆ ಯೋಚಿಸಿದ ಜಾನ್ ರೋಬ್ಲಿಂಗ್ ನಮ್ಮ ಕಸುಬಿನವರೇ, ವೈರ್ ರೋಪ್ ಮಾಡುತ್ತಿದ್ದವರು. ಅವರು ತೀರಿಹೋದ ಮೇಲೆ ಮಗ ವಾಷಿಂಗ್ಟನ್ ಕೆಲಸ ನಡೆಸಿದರು. ತಂತಿ ಸಪ್ಲೈ ಮಾತ್ರ ಬೇರೆ ಗುತ್ತಿಗೆದಾರನಿಗೆ ಹೋಯಿತು. ತಂತಿ ಟೆಸ್ಟ್ ಮಾಡಿ ಪಾಸ್ ಮಾಡಿ ಕಳಿಸುತ್ತಿದ್ದರು. ಆ ಮನುಷ್ಯ ಏನು ಮಾಡಿದ ಅಂದರೆ, ಪಾಸಾದ ತಂತಿಯ ಗಾಡಿ ದಾರಿಯಲ್ಲಿ ಒಂದು ಕಟ್ಟಡದೊಳಗೆ ಹೋಗುತ್ತಿತ್ತು, ಒಳ್ಳೆಯದು ಅಲ್ಲಿ ಇಳಿಯುತ್ತಿತ್ತು, ಫೇಲಾದ ತಂತಿ ಹತ್ತುತ್ತಿತ್ತು, ಕಾಗದ ಮಾತ್ರ ಅದೇ. ಇಳಿದ ಒಳ್ಳೆ ತಂತಿ ಮತ್ತೆ ಟೆಸ್ಟಿಗೆ ಹೋಗಿ ಮತ್ತೆ ಪಾಸಾಗುತ್ತಿತ್ತು. 1878ರಲ್ಲಿ ಸಿಕ್ಕಿಬಿದ್ದ. ಅಷ್ಟರಲ್ಲಿ ಕೆಟ್ಟ ತಂತಿ ಕೇಬಲಿನೊಳಗೆ ಸೇರಿಹೋಗಿತ್ತು, ತೆಗೆಯುವ ಹಾಗಿಲ್ಲ. ಒಂದು ಪರ್ಮಿಟ್ಟಿನಲ್ಲಿ ಎರಡು ಲೋಡ್ ಅದಿರು ಹೋಗುವುದನ್ನು ಕಂಡ ಬಳ್ಳಾರಿ ಜಿಲ್ಲೆಯವರಿಗೆ ಈ ಐಡಿಯಾ ಹೊಸದಲ್ಲ ಬಿಡಿ. ಸೇತುವೆ ಉಳಿದದ್ದು ಯಾಕೆ ಅಂದರೆ, ಬೇಕಾದ್ದಕ್ಕಿಂತ ಆರು ಪಟ್ಟು ಗಟ್ಟಿ ಇರಲಿ ಅಂತ ಮೊದಲೇ ಲೆಕ್ಕ ಹಾಕಿದ್ದರು. ಮೇಲೆ ಒಂದೊಂದು ಕೇಬಲಿಗೆ ಸುಮಾರು 150 ತಂತಿ ಜಾಸ್ತಿ ಹಾಕಿದರು. 1883ರಲ್ಲಿ ಶುರುವಾದ ಸೇತುವೆ, ಆ ಕೆಟ್ಟ ತಂತಿ ಇಟ್ಟುಕೊಂಡೇ ಇವತ್ತಿಗೂ ನಡೆಯುತ್ತಿದೆ. ನಾನು ಸರ್ಟಿಫಿಕೇಟ್ ಕೇಳಿದರೆ "ಏನ್ರೀ ನಂಬಿಕಿ ಇಲ್ಲೇನು" ಅನ್ನುವ ಏಜೆಂಟರಿಗೆ ಈ ಕಥೆ ಹೇಳುತ್ತೇನೆ.

ಗಾಳಿಯದು ಬೇರೆಯದೇ ಒಂದು ಪುರಾಣ, ಚಿಕ್ಕದಾಗಿ ಹೇಳುತ್ತೇನೆ. 1940ರಲ್ಲಿ ಅಮೆರಿಕದ ಟಕೋಮಾದಲ್ಲಿ ಹೊಸ ತೂಗುಸೇತುವೆ ಜುಲೈನಲ್ಲಿ ಶುರುವಾಗಿ ನವೆಂಬರ್ 7ಕ್ಕೆ ಬಿದ್ದುಹೋಯಿತು. ಗಾಳಿ ಗಂಟೆಗೆ 65 ಕಿಲೋಮೀಟರ್ ಆಸುಪಾಸು, ಬಿರುಗಾಳಿಯೂ ಅಲ್ಲ. ಆದರೆ ರಸ್ತೆಯ ಪಕ್ಕ ಗಾಳಿ ತೂರದ ಹಾಗೆ ಉಕ್ಕಿನ ಹಲಗೆ ಇತ್ತು, ಸೇತುವೆ ತೆಳ್ಳಗಿತ್ತು, ತಿರುಚಿಕೊಳ್ಳಲು ಶುರುಮಾಡಿ ನಿಲ್ಲಲೇ ಇಲ್ಲ. ಕಮರಿಯಲ್ಲಿ ಗಾಳಿ ಇನ್ನೂ ಮೋಸ, ಎರಡು ಬೆಟ್ಟದ ನಡುವೆ ಇಕ್ಕಟ್ಟಾಗಿ ನುಗ್ಗುತ್ತದೆ, ಕೆಳಗಿನಿಂದ ಮೇಲಕ್ಕೂ ಬೀಸುತ್ತದೆ. ಅದಕ್ಕೇ ಹುವಾಜಿಯಾಂಗ್‌ನ ರಸ್ತೆಯ ಕೆಳಗೆ ಜಾಲರಿಯಂಥ ಚೌಕಟ್ಟು ಕಾಣುವುದು. ಗಾಳಿ ತೂರಿ ಹೋಗಲಿ, ಸೇತುವೆಯೂ ಬಿಗಿಯಾಗಿರಲಿ ಅಂತ.

ಗಾಡಿ ಬಿಡುವ ಮೊದಲು 2025ರ ಆಗಸ್ಟ್‌ನಲ್ಲಿ 96 ಲಾರಿ ತುಂಬಿ ಸೇತುವೆ ಮೇಲೆ ನಿಲ್ಲಿಸಿ ನೋಡಿದರು, ಒಟ್ಟು 3,300 ಟನ್. ಈ ಸುದ್ದಿ ಓದಿ ನಮ್ಮ ಲಾರಿಯವರು ಕೇಳಿದ್ದು "ಅಂಡರ್‌ಲೋಡಾ ಓವರ್‌ಲೋಡಾ?" ಅಂತ. ಮೊದಲು ಆ ಕಮರಿ ಸುತ್ತಿಕೊಂಡು ಹೋಗಲು ಎರಡು ಗಂಟೆ ಬೇಕಿತ್ತಂತೆ, ಈಗ ಎರಡು ನಿಮಿಷ. ಡೀಸೆಲ್ ಲೆಕ್ಕ ಹಾಕುವವರಿಗೆ ಅದೊಂದೇ ಸಾಕು.

ಈಗ ನಮ್ಮ ಊರಿನ ಮಾತು. ಹಗ್ಗದ ಸೇತುವೆಗೂ ತುಂಗಭದ್ರೆಗೂ ಆಗಿಬಂದಿಲ್ಲ ಅಂತ ನಮ್ಮಲ್ಲಿ ಹೇಳುವವರಿದ್ದಾರೆ. ಹಂಪಿಯಲ್ಲಿ ನದಿ ಮೇಲೆ ಕೇಬಲಿನ ಎರಡು ಸೇತುವೆ ಕಟ್ಟಲು ಹೊರಟರು, ಒಂದು ಜನ ನಡೆಯಲು, ಇನ್ನೊಂದು ಆನೆಗೊಂದಿ ಕಡೆ ಗಾಡಿಗೆ. ಅದೇ ಕಾರಣಕ್ಕೆ 1999ರಲ್ಲಿ ಯುನೆಸ್ಕೋದವರು ಹಂಪಿಯನ್ನು ಅಪಾಯದಲ್ಲಿರುವ ವಿಶ್ವ ಪರಂಪರೆ ತಾಣಗಳ ಪಟ್ಟಿಗೆ ಹಾಕಿದರು. 2006ರಲ್ಲಿ ಪಟ್ಟಿಯಿಂದ ತೆಗೆದರು. ಗಾಡಿ ಸೇತುವೆಯ ಕೆಲಸ ತಳವಾರಘಟ್ಟದ ಹತ್ತಿರ ಮತ್ತೆ ನಡೆಯಿತು, 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದುಬಿತ್ತು. ಕೂಲಿಗೆ ಬಂದವರು ಜೀವ ಕಳೆದುಕೊಂಡರು. ನನಗೆ ಈ ಜಗಳದಲ್ಲಿ ಎರಡೂ ಕಡೆಯವರ ಮಾತು ಅರ್ಥವಾಗುತ್ತದೆ. ವಿಠ್ಠಲ ದೇವಸ್ಥಾನದ ಹತ್ತಿರ ನದಿಯಲ್ಲಿ ವಿಜಯನಗರ ಕಾಲದ ಸೇತುವೆಯ ಕಲ್ಲಿನ ಕಂಬಗಳು ಇನ್ನೂ ನಿಂತಿವೆ, ಅದರ ಪಕ್ಕ ಕಾಂಕ್ರೀಟ್ ಟವರ್ ಯಾರಿಗೂ ಚೆಂದ ಕಾಣಲ್ಲ. ಆದರೆ ಹೆರಿಗೆ ನೋವು ಬಂದವಳನ್ನು ಹೊಳೆ ತುಂಬಿದಾಗ ಹರಿಗೋಲಿನಲ್ಲಿ ಕೂರಿಸುವ ಮನೆಯವರಿಗೆ ಯುನೆಸ್ಕೋ ಅಂದರೆ ಏನು? ಕೊನೆಗೆ ಸ್ವಲ್ಪ ದೂರದಲ್ಲಿ ಕಡೆಬಾಗಿಲು ಮತ್ತು ಬುಕ್ಕಸಾಗರದ ನಡುವೆ ಕಂಬದ ಸೇತುವೆಯೇ ಆಯಿತು. ನೋಡಲು ಏನೂ ಇಲ್ಲ, ಯಾರೂ ರೀಲ್ಸ್ ಮಾಡುವುದಿಲ್ಲ, ಬಸ್ಸು ಹೋಗುತ್ತದೆ. ಬಂಡೆ ಅಷ್ಟು ಮೇಲೆ ಸಿಗುವ ಹೊಳೆಗೆ ನನ್ನ ಪ್ರಕಾರ ಅದೇ ಸರಿ. ಹಗ್ಗ ಮಾರುವವನ ಬಾಯಲ್ಲಿ ಈ ಮಾತು ಬರಬಾರದು, ಆದರೂ.

ತುದಿ ಅಂದೆನಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಹೋದದ್ದು ನಮ್ಮ ಕಡೆ ಯಾರಿಗೂ ಮರೆತಿಲ್ಲ. 33 ಗೇಟುಗಳಲ್ಲಿ ಒಂದರ ಚೈನಿನ ಕೊಂಡಿ ಕಡಿಯಿತು, ಗೇಟು ಕೊಚ್ಚಿಹೋಯಿತು. ಅಷ್ಟು ದೊಡ್ಡ ಕಲ್ಲಿನ ಗೋಡೆಗೆ ಏನೂ ಆಗಿರಲಿಲ್ಲ. ಗೇಟಿನ ತಜ್ಞ ಕನ್ನಯ್ಯ ನಾಯ್ಡು ಬಂದು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ನೀರು ತಡೆಯುವ ಉಕ್ಕಿನ ಹಲಗೆ, ಇಳಿಸಿ ಒಂದು ವಾರದೊಳಗೆ ನೀರು ಕಟ್ಟಿ ನಿಲ್ಲಿಸಿದರು, ಭತ್ತದವರು ಉಸಿರು ಬಿಟ್ಟರು. ಗುಜರಾತಿನ ಮೋರ್ಬಿಯಲ್ಲಿ 2022ರ ಅಕ್ಟೋಬರ್ 30ಕ್ಕೆ ತೂಗುಸೇತುವೆ ಬಿದ್ದು 135 ಜನ ಸತ್ತರಲ್ಲ, ಅದರ ತನಿಖೆಯಲ್ಲಿ ಹೊರಬಂದದ್ದೂ ಇಂಥದ್ದೇ. ಕಡಿದ ಕೇಬಲಿನ 49 ತಂತಿಗಳಲ್ಲಿ 22 ಮೊದಲೇ ತುಕ್ಕು ಹಿಡಿದು ಹೋಗಿದ್ದವು. ಆವತ್ತು ಜನ ನಿಂತಿದ್ದು ಉಳಿದ 27ರ ಮೇಲೆ. ಮೇಲೆ ಹೊಸ ಹಲಗೆ ಹಾಕಿದ್ದರು, ಅದು ಮಾತ್ರ ಎಲ್ಲರಿಗೂ ಕಾಣುತ್ತಿತ್ತು.

ತೂಗುಸೇತುವೆ ಅಂದರೆ ಅಪಾಯ ಅಂತ ಹೇಳುತ್ತಿಲ್ಲ. ಸುಳ್ಯದ ಗಿರೀಶ್ ಭಾರದ್ವಾಜ್ ನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಕಡಿಮೆ ಖರ್ಚಿನಲ್ಲಿ ಕಾಲು ಸೇತುವೆ ತೂಗುಹಾಕಿಕೊಟ್ಟವರು, 2017ರಲ್ಲಿ ಪದ್ಮಶ್ರೀ ಬಂತು. ಮಲೆನಾಡು, ಕರಾವಳಿ ಕಡೆ ಹೋದಾಗ ಅಂಥ ಸೇತುವೆ ಸಿಕ್ಕರೆ ನಮ್ಮ ಮನೆಯವರು ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ದಂಡೆಯಲ್ಲೇ ಇರುತ್ತೇನೆ. ಹಗ್ಗ ನೆಲಕ್ಕೆ ಇಳಿಯುವ ಜಾಗದಲ್ಲಿ ನೀರು ನಿಂತಿದೆಯಾ, ಕಸ ಮುಚ್ಚಿದೆಯಾ, ಗ್ರೀಸ್ ಕಂಡಿದೆಯಾ, ತಂತಿ ಮುಳ್ಳೆದ್ದಿದೆಯಾ ನೋಡುತ್ತೇನೆ. ಹಗ್ಗದ ತುದಿ ಮಡಚಿ ಬಿಗಿಯುವ ಕ್ಲಿಪ್ ಹಾಕಿದ್ದರೆ ಯಾವ ಕಡೆ ತಿರುಗಿಸಿ ಹಾಕಿದ್ದಾರೆ ಅಂತಲೂ. ಯು ಬೋಲ್ಟು ಕಚ್ಚಬೇಕಾದ್ದು ಮಡಚಿದ ಗಿಡ್ಡ ತುದಿಯನ್ನು, ಭಾರ ಹೊರುವ ಉದ್ದ ಹಗ್ಗದ ಕಡೆ ಕ್ಲಿಪ್ಪಿನ ತಡಿ, ಅಂದರೆ ಹಗ್ಗ ಕೂರುವ ತಳದ ತುಂಡು, ಬರಬೇಕು. ಉಲ್ಟಾ ಹಾಕಿದರೆ ಬೋಲ್ಟು ಜೀವ ಇರುವ ಹಗ್ಗವನ್ನೇ ಜಜ್ಜುತ್ತದೆ. ಕ್ವಾರಿಯಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಹೊಸ ಹುಡುಗರು ಅರ್ಧ ಅತ್ತ ಅರ್ಧ ಇತ್ತ ಹಾಕಿ, ಚೆಂದ ಕಾಣುತ್ತದೆ ಅನ್ನುತ್ತಾರೆ.

ಆ ಕುಷ್ಟಗಿಯ ಆಪರೇಟರಿಗೂ ಇಷ್ಟೆಲ್ಲ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ ವಿಡಿಯೋ ಹಿಂದಕ್ಕೆ ಮುಂದಕ್ಕೆ ಮಾಡಿ, "ಅಲ್ಲ ಅಣ್ಣಾ, ಇದರಾಗ ನೀವ್ ಹೇಳಿದ ಗೂಟ ಒಂದ್ ಕಡೀನೂ ತೋರ್ಸೇ ಇಲ್ಲಲ್ರೀ" ಅಂತ ಸಿಟ್ಟು ಮಾಡಿಕೊಂಡರು.